ದೂರಪ್ರಯಾಣದ ಮೋಟಾರ್ ಸೈಕಲ್ಲೂ ಅದರ ಹೊಸ ಎಂಜಿನ್ನೂ

ಹೈದರಾಬಾದು ನಗರದ ಈಶಾನ್ಯದಲ್ಲಿರುವ ಕುಷಾಯಿಗೂಡವು ಇಂದು ಕಾರ್ಖಾನೆಗಳ ಪ್ರದೇಶ. 1967ರಲ್ಲಿ ಪರಮಾಣು ಶಕ್ತಿ ಇಲಾಖೆಯ ಆಶ್ರಯದಲ್ಲಿ, ಡಾ. ಎ. ಎಸ್. ರಾವ್ ಅವರ ನೇತೃತ್ವದಲ್ಲಿ, ಜನರು ಇ.ಸಿ.ಐ.ಎಲ್. ಎಂದು ಕರೆಯುವ ಎಲೆಕ್ಟ್ರಾನಿಕ್ಸ್ ಸಂಸ್ಥೆಯು ಇಲ್ಲಿ ಸ್ಥಾಪಿತವಾಗಿ, ಅದರ ಬೆನ್ನಿಗೇ 1971ರಲ್ಲಿ ಸಮೀಪದಲ್ಲಿಯೇ ಪರಮಾಣು ಇಂಧನ ಸಂಕೀರ್ಣವೂ ತಲೆಯೆತ್ತಲು, ಚೆರ್ಲಪಲ್ಲಿ, ಮಲ್ಲಾಪುರ, ನಾಚಾರಂಗಳ ಕೈಗಾರಿಕಾ ವಸಾಹತುಗಳೊಡನೆ ಸೇರಿಕೊಂಡು ಈ ಭಾಗವೆಲ್ಲವೂ ಲೇತು, ಮಿಲ್ಲಿಂಗು, ವೆಲ್ಡಿಂಗುಗಳ ನೆಲೆಯಾಯಿತು. ಮಿಲಿಮೀಟರಿನ ನೂರರಲ್ಲೊಂದು ಭಾಗವನ್ನು ಅಳೆದು ಲೋಹವನ್ನು ತರಿಯಬಲ್ಲ ಕೈಗಳು ಇರುವಲ್ಲಿ ಹಳೆಯ ವಾಹನಕ್ಕೆ ಹೊಸ ಎಂಜಿನ್ ಕೂರಿಸುವ ವಿಚಾರವು ಹುಟ್ಟುವುದು ಸಹಜವೇ ಸರಿ. ಇಲ್ಲಿಂದ ಹೊರಟು ಬೀದರಿನ ಕೋಟೆಗೋ, ನಲ್ಲಮಲ ಕಾಡಿನ ತಿರುವುಗಳನ್ನು ದಾಟಿ ಶ್ರೀಶೈಲಕ್ಕೋ ಮೋಟಾರ್ ಸೈಕಲ್ಲಿನಲ್ಲಿ ಹೋಗಿ ಬರುವವನು, ಹಿಂದೆ ಒಬ್ಬರನ್ನು ಕೂರಿಸಿ, ಎರಡು ಪಕ್ಕಗಳಲ್ಲಿಯೂ ಸಾಮಾನು ಕಟ್ಟಿ, ಘಟ್ಟದ ಏರಿನಲ್ಲಿ ಗಾಡಿಯ ಉಸಿರು ಕಟ್ಟುವುದನ್ನು ಕಂಡಾಗ, ಇದೇ ಮೈಗೆ ಇನ್ನಷ್ಟು ಬಲದ ಎಂಜಿನ್ ದೊರೆತರೆ ಎಷ್ಟು ಚೆನ್ನಾಗಿತ್ತು ಎಂದುಕೊಳ್ಳದೆ ಇರಲಾರನು.

ಈ ಆಸೆ ಹೊಸದಲ್ಲ. ನಮ್ಮ ದಖ್ಖಣದಲ್ಲಿ ಇದಕ್ಕೊಂದು ಚರಿತ್ರೆಯೇ ಉಂಟು. ಆ ಚರಿತ್ರೆಯನ್ನು ಅರಿತವನು ಎಂಜಿನ್ನನ್ನು ಆರಿಸುವ ರೀತಿಯೇ ಬೇರೆ, ಅರಿಯದವನು ಆರಿಸುವ ರೀತಿಯೇ ಬೇರೆ.

ಎಂಜಿನ್ ಬದಲಾಯಿಸುವ ಪದ್ಧತಿಯು ನಮ್ಮಲ್ಲಿ ಮೊದಲು ನೆಲೆಗೊಂಡದ್ದು ಮೋಟಾರ್ ಸೈಕಲ್ಲುಗಳಲ್ಲಿ ಅಲ್ಲ, ಲಾರಿಗಳಲ್ಲಿ. ಬೀದರ್, ಕಲಬುರಗಿ, ರಾಯಚೂರುಗಳು ಹೈದರಾಬಾದ್ ಸಂಸ್ಥಾನಕ್ಕೆ ಸೇರಿದ್ದ ಕಾಲದಲ್ಲಿ, 1932ರಲ್ಲಿ, ನಿಜಾಮ್ ಸರಕಾರದ ರೈಲ್ವೆಯು ರಸ್ತೆ ಸಾರಿಗೆ ವಿಭಾಗವೊಂದನ್ನು ತೆರೆದು 27 ಬಸ್ಸುಗಳೊಡನೆ ಸಂಚಾರವನ್ನು ಆರಂಭಿಸಿತು. ಭಾರತದಲ್ಲಿ ಸರಕಾರವೇ ನಡೆಸಿದ ಬಸ್ ಸಾರಿಗೆಗೆ ಇದೇ ಮೊದಲೆಂದು ಹೇಳುವರು. ಆ ತಲೆಮಾರಿನ ಬಾಡಿಗೆ ವಾಹನಗಳಲ್ಲಿ ಹೆಚ್ಚಿನವು ಪೆಟ್ರೋಲಿನಿಂದ ಓಡುವಂಥವು. ಎರಡನೆಯ ಮಹಾಯುದ್ಧದ ನಂತರದ ವರ್ಷಗಳಲ್ಲಿ ಇಂಧನದ ಖರ್ಚು ಲಾರಿ ಮಾಲೀಕರನ್ನು ಕಾಡಿದಾಗ, ಇಂಗ್ಲೆಂಡಿನ ಪೀಟರ್‌ಬರೋ ಪಟ್ಟಣದ ಪರ್ಕಿನ್ಸ್ ಕಂಪನಿಯು 1930ರ ದಶಕದ ಕೊನೆಗೆ ಹೊರತಂದಿದ್ದ ಆರು ಸಿಲಿಂಡರಿನ ಪಿ6 ಎಂಬ ಡೀಸೆಲ್ ಎಂಜಿನ್ನು, ಬೆಡ್‌ಫರ್ಡ್, ಡಾಜ್ ಮೊದಲಾದ ಲಾರಿಗಳ ಪೆಟ್ರೋಲ್ ಎಂಜಿನ್ನಿನ ಸ್ಥಾನವನ್ನು ಆಕ್ರಮಿಸಿತು. ಮದರಾಸಿನ ಸಿಂಪ್ಸನ್ ಕಂಪನಿಯು 1950ರ ದಶಕದಲ್ಲಿ ಅದನ್ನು ಇಲ್ಲಿಯೇ ತಯಾರಿಸತೊಡಗಿದ ಮೇಲಂತೂ ಈ ಪರಿವರ್ತನೆಯು ಮನೆಮಾತಾಯಿತು. ವೇಗದ ಆಸೆಯಿಂದ ಆ ಎಂಜಿನ್ನನ್ನು ಹಾಕಿಸಿಕೊಂಡವರಿಲ್ಲ. ಹೊರೆಯನ್ನು ಕಡಿಮೆ ಖರ್ಚಿನಲ್ಲಿ ದೂರಕ್ಕೆ ಸಾಗಿಸಬೇಕೆಂಬ ಒಂದು ಸ್ಪಷ್ಟ ಪ್ರಯೋಜನವು ಅವರ ಕಣ್ಣೆದುರಿಗಿತ್ತು. ಲಾರಿಯ ಚಾಸಿಯೂ ಆ ಭಾರವನ್ನು ಹೊರಬಲ್ಲಷ್ಟು ಗಟ್ಟಿಯಾಗಿತ್ತು. ಪ್ರಯೋಜನವೂ ಆಧಾರವೂ ಹೀಗೆ ಕೂಡಿಬಂದದ್ದರಿಂದಲೇ ಆ ಪ್ರಯೋಗವು ಫಲಿಸಿತು.

ಇದೇ ಬುದ್ಧಿಯು ಕೆಲವು ದಶಕಗಳ ತರುವಾಯ ಬುಲೆಟ್ಟಿನ ಮೇಲೂ ಹರಿಯಿತು. ಇಂಗ್ಲೆಂಡಿನ ರೆಡಿಚ್ ಪಟ್ಟಣದ ರಾಯಲ್ ಎನ್‌ಫೀಲ್ಡ್ ಕಂಪನಿಯು ಮದ್ರಾಸ್ ಮೋಟಾರ್ಸ್ ಸಂಸ್ಥೆಯೊಡನೆ ಕೂಡಿ 1955ರಲ್ಲಿ ಎನ್‌ಫೀಲ್ಡ್ ಇಂಡಿಯಾವನ್ನು ಹುಟ್ಟುಹಾಕಿತು; ಮದರಾಸಿನ ತಿರುವೊಟ್ರಿಯೂರಿನ ಕಾರ್ಖಾನೆಯಿಂದ ಹೊರಬಂದ 346 ಸಿ.ಸಿ.ಯ ಬುಲೆಟ್ ಸೇನೆ, ಪೊಲೀಸುಗಳ ವಾಹನವಾಗಿ, ಆಮೇಲೆ ದೂರಪ್ರಯಾಣಿಕರ ಸಂಗಾತಿಯಾಗಿ ಪ್ರಸಿದ್ಧವಾಯಿತು. ಹಳೆಯ ಬುಲೆಟ್ಟಿನ ರಚನೆಯಲ್ಲಿ ಒಂದು ವಿಶೇಷವುಂಟು: ಅದರ ಗೇರ್‌ಬಾಕ್ಸು ಎಂಜಿನ್ನಿನೊಳಗೆ ಬೆರೆತುಹೋಗದೆ, ಪ್ರತ್ಯೇಕವಾದ ಪೆಟ್ಟಿಗೆಯಾಗಿ, ಎಂಜಿನ್ನಿನ ಹಿಂಬದಿಗೆ ಬೋಲ್ಟುಗಳಿಂದ ಬಿಗಿಯಲ್ಪಟ್ಟಿತ್ತು. ಎಡಗಡೆಯ ಚೈನ್ ಕವರನ್ನು ಬಿಚ್ಚಿ, ಪ್ರೈಮರಿ ಚೈನನ್ನೂ ಕ್ಲಚ್ಚನ್ನೂ ಕಳಚಿ, ಎಂಜಿನ್ನನ್ನು ಹಿಡಿದಿರುವ ಪ್ಲೇಟುಗಳ ಬೋಲ್ಟನ್ನು ಸಡಿಲಿಸಿದರೆ ಎಂಜಿನ್ನೊಂದೇ ಕೈಗೆ ಬರುವುದು. ಗೇರ್‌ಬಾಕ್ಸನ್ನು ಹಾಗೆಯೇ ಉಳಿಸಿಕೊಂಡು ಬೇರೊಂದು ಎಂಜಿನ್ನನ್ನು ಅದಕ್ಕೆ ಜೋಡಿಸಬಹುದು. ಈ ಅನುಕೂಲವನ್ನು ಕಂಡುಕೊಂಡ ಉತ್ತರ ಭಾರತದ ಮೆಕ್ಯಾನಿಕ್ಕುಗಳು ಕೈಗಾರಿಕಾ ಬಳಕೆಯ ಸಣ್ಣ ಡೀಸೆಲ್ ಎಂಜಿನ್ನುಗಳನ್ನು ಬುಲೆಟ್ಟಿಗೆ ಕೂರಿಸತೊಡಗಿದರು. ಈ ಬೇಡಿಕೆಯನ್ನು ಕಂಡ ಕಂಪನಿಯೂ 1990ರ ದಶಕದಲ್ಲಿ ಗ್ರೀವ್ಸ್ ಲೊಂಬಾರ್ಡಿನಿಯ 325 ಸಿ.ಸಿ. ಡೀಸೆಲ್ ಎಂಜಿನ್ನನ್ನು ತನ್ನ ಗಾಡಿಗೇ ಕೂರಿಸಿ ಟಾರಸ್ ಎಂಬ ಹೆಸರಿನಲ್ಲಿ ಮಾರಿತು.

ಈ ಡೀಸೆಲ್ ಬುಲೆಟ್ ಏಕೆ ಪಾಠವೆನಿಸಿತೆಂಬುದನ್ನು ಸ್ವಲ್ಪ ಸಾವಧಾನವಾಗಿ ನೋಡಬೇಕು. ಪೆಟ್ರೋಲಿನ ಬುಲೆಟ್ ಸುಮಾರು 18 ಅಶ್ವಶಕ್ತಿಯನ್ನು ಕೊಡುತ್ತಿದ್ದರೆ ಇದು ಕೊಟ್ಟದ್ದು 6.5 ಮಾತ್ರ. ಒಂದು ಲೀಟರಿಗೆ ಬಹುದೂರ ಓಡಿತೆಂಬುದು ನಿಜ, ಆದರೆ ಗಂಟೆಗೆ ಅರವತ್ತೈದು ಕಿಲೋಮೀಟರಿನ ಆಸುಪಾಸಿನಲ್ಲಿ ಅದರ ವೇಗ ನಿಂತುಹೋಗುತ್ತಿತ್ತು. ಮಿಗಿಲಾಗಿ, ಬುಲೆಟ್ಟಿನ ಫ್ರೇಮು ಎಂಜಿನ್ನಿನ ಕೆಳಗೆ ತೆರೆದುಕೊಂಡಿರುವಂಥದು. ಅಲ್ಲಿ ಎಂಜಿನ್ನೇ ಮುಂದಣ ಕೊಳವೆಯನ್ನೂ ಹಿಂದಣ ಭಾಗವನ್ನೂ ಸೇರಿಸುವ ಸೇತುವೆಯಾಗಿ ನಿಂತು ರಸ್ತೆಯ ಹೊಡೆತವನ್ನು ತಾನೂ ಹೊರುತ್ತದೆ. ಡೀಸೆಲ್ಲಿನಲ್ಲಿ ಗಾಳಿಯನ್ನು ಹದಿನೆಂಟರಲ್ಲೊಂದು ಪಾಲಿನಷ್ಟಕ್ಕೆ ಅದುಮಿ, ಆ ಶಾಖದಿಂದಲೇ ಇಂಧನವನ್ನು ಹೊತ್ತಿಸಬೇಕಾಗಿರುವುದರಿಂದ, ಪ್ರತಿಯೊಂದು ಸ್ಫೋಟದ ಪೆಟ್ಟೂ ನೇರವಾಗಿ ಆ ಫ್ರೇಮಿಗೂ ಸವಾರನ ಕೈಗೂ ಬಂದು ತಾಗುತ್ತಿತ್ತು. ಮಿತವ್ಯಯವೊಂದನ್ನೇ ಅಳತೆಗೋಲಾಗಿ ಇಟ್ಟುಕೊಂಡವನಿಗೆ ಅದು ತೃಪ್ತಿ ಕೊಟ್ಟಿತು, ದೂರಪ್ರಯಾಣಿಕನಿಗೆ ಕೊಡಲಿಲ್ಲ. ಹೊಗೆಯ ನಿಯಮಗಳು ಬಿಗಿಯಾದ ಮೇಲೆ ಆ ಗಾಡಿಯು ಮಾರುಕಟ್ಟೆಯಿಂದಲೇ ಮರೆಯಾಯಿತು.

ನಮ್ಮ ಮೈಸೂರಿನ ಕಥೆಯು ಇದಕ್ಕಿಂತ ಭಿನ್ನವಾದುದು. ಪ್ರಾಗ್ ನಗರದಲ್ಲಿ 1929ರಲ್ಲಿ ಹುಟ್ಟಿದ ಜಾವಾ ಮೋಟಾರ್ ಸೈಕಲ್ಲನ್ನು, ಇರಾನಿ ಕುಟುಂಬದವರು ಐಡಿಯಲ್ ಜಾವಾ ಎಂಬ ಕಂಪನಿಯನ್ನು ಕಟ್ಟಿ, 1961ರಿಂದ ಮೈಸೂರಿನ ಯಾದವಗಿರಿಯಲ್ಲಿ ತಯಾರಿಸತೊಡಗಿದರು. ಅದರ ಎಂಜಿನ್ನು ಎರಡು ಸ್ಟ್ರೋಕಿನದು. ಒಂದೇ ಸಿಲಿಂಡರಾದರೂ ಅದರಿಂದ ಎರಡು ಸೈಲೆನ್ಸರುಗಳು ಹೊರಡುತ್ತಿದ್ದವು. ಎಡಗಡೆಯ ಒಂದೇ ಲಿವರು ಗೇರಿಗೂ ಕಿಕ್ಕಿಗೂ ಒದಗುತ್ತಿತ್ತು. ಇಲ್ಲಿ ಎಂಜಿನ್ನೂ ಗೇರ್‌ಬಾಕ್ಸೂ ಒಂದೇ ಹೊದಿಕೆಯೊಳಗೆ ಅಡಗಿದ್ದುದರಿಂದ ಪರಕೀಯ ಎಂಜಿನ್ನನ್ನು ತಂದು ಕೂರಿಸುವ ಮಾತಿಗೆ ಅವಕಾಶವೇ ಕಡಿಮೆ. ಬಲವನ್ನು ಹೆಚ್ಚಿಸಬೇಕಾದರೆ ಒಳಗಿನಿಂದಲೇ ಹೆಚ್ಚಿಸಬೇಕು.

ಆ ದಾರಿಯನ್ನೇ ಕಾರ್ಖಾನೆಯು ಹಿಡಿಯಿತು. 1973ರಲ್ಲಿ ಗಾಡಿಯ ಹೆಸರು ಯೆಜ್ಡಿ ಎಂದು ಬದಲಾಯಿತು. 1978ರಲ್ಲಿ ರೋಡ್‌ಕಿಂಗ್ ಬಂದಿತು. ಮೊದಲಿನ ಜಾವಾ ಸುಮಾರು 12 ಅಶ್ವಶಕ್ತಿಯದಾದರೆ, ಅದೇ 250 ಸಿ.ಸಿ. ವರ್ಗದಲ್ಲಿಯೇ ರೋಡ್‌ಕಿಂಗ್ 16 ಅಶ್ವಶಕ್ತಿಯನ್ನು ಕೊಟ್ಟಿತು. ಗಾತ್ರವನ್ನು ಬೆಳೆಸದೆ ಬಲವನ್ನು ಬೆಳೆಸಿದ ಈ ಕ್ರಮದಲ್ಲಿ ಚಾಸಿಗೂ ಬ್ರೇಕಿಗೂ ಎಂಜಿನ್ನಿಗೂ ಪರಸ್ಪರ ಹೊಂದಾಣಿಕೆ ತಪ್ಪಲಿಲ್ಲ. ದಕ್ಷಿಣದ ರ‍್ಯಾಲಿಗಳಲ್ಲಿಯೂ ಘಟ್ಟದ ರಸ್ತೆಗಳಲ್ಲಿಯೂ ಆ ಗಾಡಿಗೆ ಬಂದ ಕೀರ್ತಿಗೆ ಈ ಹೊಂದಾಣಿಕೆಯೇ ಮೂಲ. 1980ರ ದಶಕದಲ್ಲಿ ಎರಡು ಸಿಲಿಂಡರುಗಳ 350 ಸಿ.ಸಿ. ಯೆಜ್ಡಿಯೂ ಬಂದಿತು, ಬಲ ಹೆಚ್ಚಿತು, ಪೆಟ್ರೋಲಿನ ದಾಹವೂ ಹೆಚ್ಚಿತು, ಮೈಲೇಜನ್ನೇ ಮುಖ್ಯವಾಗಿ ಬಗೆಯುತ್ತಿದ್ದ ಆ ದಿನಗಳ ಗ್ರಾಹಕರ ನಡುವೆ ಅದಕ್ಕೆ ರೋಡ್‌ಕಿಂಗಿನ ಭಾಗ್ಯ ಒದಗಲಿಲ್ಲ.

ಇದೇ ಮೈಸೂರಿನ ಸೋಮೇಂದರ್ ಸಿಂಗ್ ಎಂಬ ಸ್ವಯಂಶಿಕ್ಷಿತ ತಜ್ಞರು ಮತ್ತೊಂದು ದಿಕ್ಕಿನಲ್ಲಿ ಯೋಚಿಸಿದರು. ಪಿಸ್ಟನ್ನು ಮೇಲೇರಿದಾಗ ಸಿಲಿಂಡರ್ ಹೆಡ್ಡಿನ ಅಂಚಿನಲ್ಲಿ ಅದುಮಿಹೋಗುವ ಮಿಶ್ರಣಕ್ಕೆ ದಾರಿಯಾಗುವಂತೆ ಆ ಅಂಚಿನಲ್ಲಿ ಕಾಲುವೆಗಳಂತಹ ಸಣ್ಣ ಗೆರೆಗಳನ್ನು ಕೊರೆದರೆ, ಮಿಶ್ರಣವು ಚೆನ್ನಾಗಿ ಕಲಕಿ ಪೂರ್ಣವಾಗಿ ಉರಿಯುವುದೆಂಬುದು ಅವರ ಪ್ರತಿಪಾದನೆ. ಅದಕ್ಕೆ 2001ರಲ್ಲಿ ಅಮೆರಿಕದ ಪೇಟೆಂಟ್ ದೊರೆಯಿತು. ಎಂಜಿನ್ನನ್ನೇ ಬದಲಾಯಿಸುವ ಮುನ್ನ, ಇರುವ ಎಂಜಿನ್ನಿನೊಳಗೆ ವ್ಯರ್ಥವಾಗುತ್ತಿರುವ ಶಕ್ತಿಯನ್ನು ವಿಚಾರಿಸಬೇಕೆಂಬ ಈ ದೃಷ್ಟಿಯು ಪ್ರತಿಯೊಬ್ಬ ಸವಾರನೂ ಮನನ ಮಾಡತಕ್ಕದ್ದು.

1996ರಲ್ಲಿ ಮೈಸೂರಿನ ಕಾರ್ಖಾನೆಯ ಬಾಗಿಲು ಮುಚ್ಚಿತು. ಅಂದಿನಿಂದ ಯೆಜ್ಡಿಯ ಎಂಜಿನ್ನನ್ನು ಬದಲಾಯಿಸುವುದೆಂದರೆ ಗುಜರಿಯಲ್ಲಿಯೋ ಹಳೆಯ ಗಾಡಿಗಳಲ್ಲಿಯೋ ಅದೇ ಕುಲದ ಮತ್ತೊಂದು ಎಂಜಿನ್ನನ್ನು ಹುಡುಕುವುದೆಂದೇ ಅರ್ಥವಾಯಿತು. ಬೆಂಗಳೂರಿನ ಜೆ.ಸಿ. ರಸ್ತೆ, ಶಿವಾಜಿನಗರಗಳಂತೆ ಸಿಕಂದರಾಬಾದಿನ ರಾಣಿಗಂಜ್ ಬಿಡಿಭಾಗಗಳಿಗೆ ಹೆಸರಾದದ್ದು; ಆದರೆ ಬಿಡಿಭಾಗ ಸಿಕ್ಕುವವರೆಗೆ ಮಾತ್ರ ಎಂಜಿನ್ನಿಗೆ ಆಯುಷ್ಯ.

ಹೊರಜಗತ್ತಿನಲ್ಲಿಯೂ ಈ ಆಸೆ ನಾನಾ ರೂಪಗಳನ್ನು ತಾಳಿತು. ಇಂಗ್ಲೆಂಡಿನಲ್ಲಿ 1950ರಲ್ಲಿ ನಾರ್ಟನ್ ಕಂಪನಿಯು ಮೆಕ್‌ಕ್ಯಾಂಡ್‌ಲೆಸ್ ಸೋದರರ ‘ಫೆದರ್‌ಬೆಡ್’ ಫ್ರೇಮನ್ನು ಬಳಕೆಗೆ ತಂದ ಮೇಲೆ, ಅದರೊಳಗೆ ಟ್ರಯಂಫ್ ಎಂಜಿನ್ನನ್ನು ಕೂರಿಸಿ ಟ್ರೈಟನ್ ಎಂಬ ಗಾಡಿಯನ್ನು ಯುವಕರು ತಾವೇ ಕಟ್ಟಿಕೊಂಡರು. ಸ್ವಿಟ್ಜರ್ಲೆಂಡಿನ ಫ್ರಿಟ್ಸ್ ಎಗ್ಲಿ 1960ರ ದಶಕದಲ್ಲಿ ವಿನ್ಸೆಂಟ್ ಎಂಜಿನ್ನಿಗಾಗಿ ಹೊಸ ಫ್ರೇಮನ್ನೇ ರಚಿಸಿದನು. ಅಮೆರಿಕದಲ್ಲಿ ಹಾರ್ಲೆ-ಡೇವಿಡ್‌ಸನ್ ತನ್ನ ಭಾರಿ ಪ್ರವಾಸಿ ಗಾಡಿಗಳಿಗಾಗಿ 131 ಘನ ಅಂಗುಲದ, ಎಂದರೆ ಎರಡು ಸಾವಿರ ಸಿ.ಸಿ.ಯನ್ನು ಮೀರಿದ, ಸಿದ್ಧ ಎಂಜಿನ್ನನ್ನು ಪೆಟ್ಟಿಗೆಯಲ್ಲಿಟ್ಟು ಮಾರುತ್ತದೆ. ಬುಲೆಟ್ಟಿನ ಭಕ್ತರೂ ಸುಮ್ಮನಿರಲಿಲ್ಲ. ಓಹಾಯೋದಲ್ಲಿ ನೆಲೆಸಿದ ಭಾರತೀಯ ಅನಿಕೇತ ವರ್ಧನ್ ಬುಲೆಟ್ಟಿನ ಎರಡು ಸಿಲಿಂಡರುಗಳನ್ನು ವಿ ಆಕಾರದಲ್ಲಿ ಜೋಡಿಸಿ ಮಸ್ಕೆಟ್ ಎಂಬ ಎಂಜಿನ್ನನ್ನು ನಿರ್ಮಿಸಿದನು. ಆಸ್ಟ್ರೇಲಿಯದ ಪಾಲ್ ಕಾರ್ಬೆರಿ ಅದೇ ಮಾರ್ಗದಲ್ಲಿ 1000 ಸಿ.ಸಿ.ಯ ಎಂಜಿನ್ನನ್ನು ಮಾಡಿ, ಛತ್ತೀಸ್‌ಗಢದ ಭಿಲಾಯಿಗೆ ತಂದು ತಯಾರಿಸತೊಡಗಿದನು. ರಾಯಲ್ ಎನ್‌ಫೀಲ್ಡ್ ಕಂಪನಿಯೇ 2018ರಲ್ಲಿ 648 ಸಿ.ಸಿ.ಯ ಎರಡು ಸಿಲಿಂಡರಿನ, 47 ಅಶ್ವಶಕ್ತಿಯ ಗಾಡಿಗಳನ್ನು ಹೊರತಂದಿತು. ಆದರೆ ಅದಕ್ಕೆ ಮೂರು ವರ್ಷ ಮೊದಲೇ, 2015ರಲ್ಲಿ, ಫ್ರೇಮು ರಚನೆಗೆ ಹೆಸರಾದ ಇಂಗ್ಲೆಂಡಿನ ಹ್ಯಾರಿಸ್ ಪರ್ಫಾರ್ಮೆನ್ಸ್ ಸಂಸ್ಥೆಯನ್ನು ಅದು ಕೊಂಡುಕೊಂಡಿತ್ತೆಂಬುದನ್ನು ಗಮನಿಸಬೇಕು. ಬಲವನ್ನು ಇಮ್ಮಡಿಗೂ ಮೀರಿಸಬೇಕಾದ ಕಂಪನಿಯು ಮೊದಲು ಆ ಬಲವನ್ನು ಹೊರುವ ಮೈಯನ್ನು ಸಿದ್ಧಪಡಿಸಿಕೊಂಡಿತು.

ಕಾನೂನಿನ ವಿಚಾರವನ್ನೂ ಮರೆಯತಕ್ಕದ್ದಲ್ಲ. 1988ರ ಮೋಟಾರು ವಾಹನ ಕಾಯಿದೆಯ 52ನೆಯ ಪ್ರಕರಣವು, ನೋಂದಣಿ ಪತ್ರದ ವಿವರಗಳು ತಯಾರಕನು ಮೂಲತಃ ಕೊಟ್ಟ ವಿವರಗಳಿಗೆ ವಿರುದ್ಧವಾಗುವಂತೆ ವಾಹನವನ್ನು ಮಾರ್ಪಡಿಸುವುದನ್ನು ನಿಷೇಧಿಸುತ್ತದೆ. 2019ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವೂ ಈ ನಿಷೇಧವನ್ನು ಎತ್ತಿಹಿಡಿಯಿತು. ಸವೆದ ಎಂಜಿನ್ನಿನ ಬದಲಿಗೆ ಅದೇ ತಯಾರಕರ ಅದೇ ಮಾದರಿಯದನ್ನು ಹಾಕಿಸಿ, ಆರ್.ಟಿ.ಓ. ಅನುಮತಿ ಪಡೆದು, ಹೊಸ ಎಂಜಿನ್ ಸಂಖ್ಯೆಯನ್ನು ಆರ್.ಸಿ.ಯಲ್ಲಿ ಬರೆಸಿಕೊಳ್ಳುವುದೊಂದೇ ನಿರ್ಭಯವಾದ ಮಾರ್ಗ. ಸಂಖ್ಯೆ ಹೊಂದದ ಗಾಡಿಯು ಅಪಘಾತದ ದಿನ ವಿಮೆಯ ಕಛೇರಿಯಲ್ಲಿ ಯಜಮಾನನನ್ನು ಕಷ್ಟಕ್ಕೆ ಗುರಿಮಾಡೀತು.

ಆದಕಾರಣ, ಎಂಜಿನ್ ಬದಲಾಯಿಸಬೇಕೆಂದು ಸಂಕಲ್ಪಿಸಿದವನು ಅಶ್ವಶಕ್ತಿಯನ್ನು ಕೊನೆಯ ಪ್ರಶ್ನೆಯಾಗಿ ಇಟ್ಟುಕೊಳ್ಳಲಿ. ಅದಕ್ಕೆ ಮೊದಲು ಫ್ರೇಮು ಅದನ್ನು ಹೊರುವುದೇ, ಚೈನು ಹಿಂದಿನ ಸ್ಪ್ರಾಕೆಟ್ಟಿಗೆ ಒಂದೇ ಗೆರೆಯಲ್ಲಿ ಓಡುವುದೇ, ಹೆಚ್ಚಿದ ವೇಗವನ್ನು ಇರುವ ಬ್ರೇಕು ನಿಲ್ಲಿಸುವುದೇ, ನಲವತ್ತು ಡಿಗ್ರಿ ದಾಟುವ ದಖ್ಖಣದ ಬೇಸಗೆಯಲ್ಲಿ ಅದು ಸೀಜ್ ಆಗದೆ ಉಳಿಯುವುದೇ, ಊರಾಚೆ ಕೆಟ್ಟುನಿಂತರೆ ಅದರ ಪಿಸ್ಟನ್ ರಿಂಗು ಹತ್ತಿರದ ಪೇಟೆಯಲ್ಲಿ ದೊರೆಯುವುದೇ, ಆರ್.ಸಿ. ಅದನ್ನು ಒಪ್ಪುವುದೇ ಎಂದು ಒಂದೊಂದಾಗಿ ವಿಚಾರಿಸಲಿ. ಇವುಗಳಲ್ಲಿ ಒಂದಕ್ಕೆ ಇಲ್ಲವೆಂಬ ಉತ್ತರ ಬಂದರೂ, ಇರುವ ಎಂಜಿನ್ನನ್ನೇ ಚೆನ್ನಾಗಿ ಬೋರ್ ಮಾಡಿಸಿ, ಹದಗೊಳಿಸಿ ಓಡಿಸುವುದು ಲೇಸು. ದೂರದ ದಾರಿಗೆ ಬೇಕಾದದ್ದು ಅತ್ಯಂತ ಬಲಿಷ್ಠವಾದ ಎಂಜಿನ್ನಲ್ಲ, ಆ ಗಾಡಿಗೆ ಒಪ್ಪುವ ಎಂಜಿನ್.