ಬಾನುಲಿಯಲ್ಲಿ ಬಂದ ಪ್ರೋಗ್ರಾಂಗಳು

ಗಣಕಯಂತ್ರಕ್ಕೆ ಬೇಕಾದ ಪ್ರೋಗ್ರಾಂ ಗಾಳಿಯಲ್ಲಿ ತೇಲಿ ಮನೆಗೆ ಬರುವುದು ಇಂದು ನಿಮಗೆ ಅಚ್ಚರಿಯ ಸಂಗತಿಯಲ್ಲ. ಆದರೆ ಇಂಟರ್‌ನೆಟ್ ಜನಸಾಮಾನ್ಯರಿಗೆ ದಕ್ಕುವುದಕ್ಕೆ ಹತ್ತು ವರ್ಷಕ್ಕೂ ಮುಂಚೆ, 1983ರಲ್ಲಿಯೇ, ಆಗಿನ ಯುಗೋಸ್ಲಾವಿಯದ ರಾಜಧಾನಿ ಬೆಲ್‌ಗ್ರೇಡ್‌ನ ಒಂದು ಬಾನುಲಿ ಕೇಂದ್ರ ಗಣಕಯಂತ್ರದ ಪ್ರೋಗ್ರಾಂಗಳನ್ನು ಬಿತ್ತರಿಸುತ್ತಿತ್ತು ಎಂದರೆ ನಂಬುತ್ತೀರಾ?

ಆ ದೇಶದಲ್ಲಿ ಆಗ 50 ಜರ್ಮನ್ ಮಾರ್ಕ್‌ಗಿಂತ ಹೆಚ್ಚು ಬೆಲೆಯ ವಸ್ತುವನ್ನು ಹೊರಗಿನಿಂದ ತರುವಂತಿರಲಿಲ್ಲ. 1982ರಲ್ಲಿ ಬ್ರಿಟನ್ನಿನಲ್ಲಿ ಮಾರುಕಟ್ಟೆಗೆ ಬಂದ ಸಿಂಕ್ಲೇರ್ ಸ್ಪೆಕ್ಟ್ರಮ್ ಅಗ್ಗದ ಯಂತ್ರ ನಿಜ. ಆದರೂ 48 ಕಿಲೋಬೈಟ್ ಸ್ಮೃತಿಯ ಮಾದರಿಗೆ 175 ಪೌಂಡ್ ಬೆಲೆಯಿತ್ತು. ಬೇಕೆಂದವರು ಗಡಿಯಾಚೆ ಹೋಗಿ ಕದ್ದು ತರಬೇಕು, ಇಲ್ಲವೇ ತಾವೇ ಕಟ್ಟಿಕೊಳ್ಳಬೇಕು.

ಕಟ್ಟಿಕೊಳ್ಳುವ ದಾರಿ ತೋರಿಸಿದವರು ವೋಯಾ ಆಂಟೋನಿಚ್. ಕೈಗೆ ಸಿಗುವ ಅಗ್ಗದ ಜ಼ೆಡ್-80 ಪ್ರೊಸೆಸರನ್ನೇ ಬಳಸಿಕೊಂಡು, ಟೆಲಿವಿಷನ್ ಪರದೆಯ ಮೇಲೆ ಚಿತ್ರ ಮೂಡಿಸಲು ಬೇರೆ ದುಬಾರಿ ಚಿಪ್ ಇಲ್ಲದೆ, ಆ ಕೆಲಸವನ್ನೂ ಪ್ರೊಸೆಸರಿನಿಂದಲೇ ಮಾಡಿಸಿದ್ದು ಇವರ ಜಾಣ್ಮೆ. ಯಂತ್ರಕ್ಕೆ ಗಲಾಕ್ಸಿಯಾ ಎಂದು ಹೆಸರು. ಅದನ್ನು ಕಟ್ಟುವ ವಿಧಾನ ಅದೇ ಹೆಸರಿನ ವಿಜ್ಞಾನ ಪತ್ರಿಕೆಯ ವಿಶೇಷ ಸಂಚಿಕೆಯಲ್ಲಿ ನಕ್ಷೆ ಸಮೇತ ಅಚ್ಚಾಯಿತು. ಬಿಡಿಭಾಗಗಳ ಕಿಟ್ಟಿಗೆ 8,000ಕ್ಕೂ ಹೆಚ್ಚು ಬೇಡಿಕೆ ಬಂದವು. ಮೂಲ ತಂತ್ರಾಂಶಕ್ಕೆ ಇದ್ದ ಜಾಗ ಬರೀ 4 ಕಿಲೋಬೈಟ್. ಆದ್ದರಿಂದ ಯಂತ್ರಕ್ಕೆ ತಪ್ಪು ಹೇಳಲು ಕೂಡ ಮೂರೇ ಮಾತು: ವಾಟ್, ಹೌ, ಸಾರಿ. ಬರೆದದ್ದು ಅರ್ಥವಾಗದಿದ್ದರೆ ಮೊದಲನೆಯದು, ಸ್ಮೃತಿ ತುಂಬಿಹೋದರೆ ಕೊನೆಯದು. ಇದಕ್ಕಿಂತ ಸಭ್ಯವಾದ ಯಂತ್ರವನ್ನು ನಾನು ಕಾಣೆ!

ಯಂತ್ರವೇನೋ ಸಿದ್ಧವಾಯಿತು. ಅದರಲ್ಲಿ ನಡೆಸಲು ಪ್ರೋಗ್ರಾಂ ಎಲ್ಲಿಂದ ತರುವುದು? ಅಂಗಡಿಯಲ್ಲಿ ಸಿಗುವ ಸರಕಲ್ಲ. ಇಲ್ಲಿಯೇ ಬಾನುಲಿ ನೆರವಿಗೆ ಬಂದದ್ದು. ಆ ಕಾಲದ ಮನೆಯ ಗಣಕಗಳು ಪ್ರೋಗ್ರಾಂಗಳನ್ನು ಸಾಮಾನ್ಯ ಕ್ಯಾಸೆಟ್ಟಿನಲ್ಲಿ ಶಬ್ದದ ರೂಪದಲ್ಲಿ ಉಳಿಸುತ್ತಿದ್ದವು. ಕಿವಿಗೆ ಅದು ಕೀರಲು ಸದ್ದು, ಅಷ್ಟೆ. ಶಬ್ದವೇ ಆದಮೇಲೆ ಹಾಡನ್ನು ಬಿತ್ತರಿಸಿದಂತೆ ಅದನ್ನೂ ಬಿತ್ತರಿಸಬಹುದಲ್ಲವೇ? ಪತ್ರಿಕೆಯ ಸಂಪಾದಕ ಬಳಗದವರು ಈ ಸಲಹೆಯನ್ನು ರೇಡಿಯೋ ಬೆಲ್‌ಗ್ರೇಡ್ 202ರ ‘ವೆಂಟಿಲೇಟರ್ 202’ ಕಾರ್ಯಕ್ರಮದ ನಿರೂಪಕ ಜೋರನ್ ಮೊಡ್ಲಿಯವರ ಮುಂದಿಟ್ಟರು. ಮೊಡ್ಲಿ ವಿಮಾನ ಹಾರಿಸುವ ಪೈಲಟ್ ಕೂಡ. ಹೊಸತಕ್ಕೆ ಹೆದರುವ ಆಸಾಮಿಯಲ್ಲ.

ನಿರೂಪಕ ಸೂಚನೆ ಕೊಡುತ್ತಿದ್ದಂತೆ ಕೇಳುಗರು ಟೇಪ್ ರೆಕಾರ್ಡರಿನ ಗುಂಡಿ ಒತ್ತುವರು. ಕೀರಲು ಸದ್ದು ಮುಗಿಯುವವರೆಗೆ ಮನೆಯವರೆಲ್ಲ ಸಹಿಸಿಕೊಳ್ಳಬೇಕು. ಗಲಾಕ್ಸಿಯಾದ ವೇಗ ಸೆಕೆಂಡಿಗೆ 280 ಬಿಟ್. ಲೆಕ್ಕ ಹಾಕಿ ನೋಡಿ, 4 ಕಿಲೋಬೈಟಿಗೆ ಸುಮಾರು ಎರಡು ನಿಮಿಷ. ನಡುವೆ ಗುಡುಗಿದರೆ, ಪಕ್ಕದ ಕೇಂದ್ರ ನುಸುಳಿದರೆ, ಎಲ್ಲ ವ್ಯರ್ಥ. ಆಟಗಳಲ್ಲದೆ ಪಾಠಗಳು, ಸಂಗೀತ ಕಚೇರಿಗಳ ಪಟ್ಟಿಗಳು ಕೂಡ ಹೀಗೆ ಬಂದವು. ಕೇಳುಗರು ತಾವು ಬರೆದದ್ದನ್ನು ಕೇಂದ್ರಕ್ಕೆ ಕಳಿಸಿದರು. ಬೇರೊಬ್ಬರು ಅದನ್ನು ತಿದ್ದಿ ಬೆಳೆಸಿ ಮತ್ತೆ ಕಳಿಸಿದರು. ನನ್ನ ಮಟ್ಟಿಗೆ ಈ ಕಥೆಯ ಜೀವಾಳ ಯಂತ್ರವಲ್ಲ, ಈ ತಿದ್ದಾಟವೇ.

ಹಾಲೆಂಡಿನ ಎನ್‌ಓಎಸ್ ಬಾನುಲಿಯ ‘ಹಾಬಿಸ್ಕೂಪ್’ ಕಾರ್ಯಕ್ರಮ ಇದೇ ದಾರಿಯಲ್ಲಿ ಇನ್ನೊಂದು ತೊಡಕನ್ನು ಬಿಡಿಸಿತ್ತು. ಒಂದೊಂದು ಕಂಪೆನಿಯ ಗಣಕದ ಬೇಸಿಕ್ ಭಾಷೆ ಒಂದೊಂದು ಬಗೆ. ಆದ್ದರಿಂದ ಬೇಸಿಕೋಡ್ ಎಂಬ ಕಟ್ಟಳೆಯಲ್ಲಿ 1000ಕ್ಕಿಂತ ಕೆಳಗಿನ ಸಾಲುಗಳನ್ನು ಆಯಾ ಯಂತ್ರದ ಪಾಲಿಗೆ ಬಿಟ್ಟು, ಎಲ್ಲರೂ ಹಂಚಿಕೊಳ್ಳುವ ಪ್ರೋಗ್ರಾಮನ್ನು 1000ನೆಯ ಸಾಲಿನಿಂದ ಆರಂಭಿಸಿದರು. ಬಿಬಿಸಿಯೂ ಅದನ್ನು ಎತ್ತಿಕೊಂಡಿತು.

1990ರ ದಶಕದಲ್ಲಿ ಯುಗೋಸ್ಲಾವಿಯ ಯುದ್ಧಗಳಲ್ಲಿ ಒಡೆದುಹೋಯಿತು. 1995ರಲ್ಲಿ ಆಂಟೋನಿಚ್, ಇನ್ನು ಇವು ಯಾರಿಗೂ ಬೇಡವೆಂದು, ತಮ್ಮಲ್ಲಿದ್ದ ಗಲಾಕ್ಸಿಯಾಗಳನ್ನು ಕಸಕ್ಕೆ ಎಸೆದರು. ಉಳಿದ ಮೂಲ ಮಾದರಿಯೊಂದು ಬೆಲ್‌ಗ್ರೇಡ್‌ನ ವಿಜ್ಞಾನ ಮತ್ತು ತಂತ್ರಜ್ಞಾನ ಸಂಗ್ರಹಾಲಯ ಸೇರಿತು. ಮೊಡ್ಲಿ 2020ರಲ್ಲಿ ತೀರಿಕೊಂಡರು. ಮನೆಮನೆಯ ಕ್ಯಾಸೆಟ್ಟುಗಳ ಕಾಂತೀಯ ಲೇಪ ಸವೆಯುತ್ತಲೇ ಇದೆ. ಬಾನುಲಿಯಿಂದ ಮುದ್ರಿಸಿಕೊಂಡ ಪ್ರೋಗ್ರಾಮಿಗೆ ಬೇರೆ ಪ್ರತಿ ಇರಲಿಕ್ಕಿಲ್ಲ. ಆದ್ದರಿಂದ ಈ ಯಂತ್ರಗಳ ಅಭಿಮಾನಿಗಳು ಹಳೆಯ ಸುರುಳಿಗಳ ಸದ್ದನ್ನು ಕಡತಗಳಾಗಿಸಿ, ಹೊಸದಾಗಿ ಬರೆದವುಗಳ ಜೊತೆಗೆ, ಇಂಟರ್‌ನೆಟ್ಟಿನಲ್ಲಿ ಉಚಿತವಾಗಿ ಹಂಚಿಕೊಳ್ಳುತ್ತಿದ್ದಾರೆ. ಅಸಲಿ ಯಂತ್ರವಿಲ್ಲದವರಿಗೆ ಅದನ್ನೇ ಅನುಕರಿಸುವ ತಂತ್ರಾಂಶವಿದೆ. ಅಸಲಿ ಯಂತ್ರ ಇಟ್ಟುಕೊಂಡವರು ಮೊಬೈಲಿನ ಇಯರ್‌ಫೋನ್ ತೂತಿನಿಂದ ಒಂದು ತಂತಿ ಎಳೆದು, ಟೇಪ್ ರೆಕಾರ್ಡರಿನ ಜಾಗದಲ್ಲಿ ಜೋಡಿಸಿ, ಅದೇ ಕೀರಲು ಸದ್ದನ್ನು ನುಡಿಸುತ್ತಾರೆ. ಅದಕ್ಕೂ ಅದೇ ಎರಡು ನಿಮಿಷ ಹಿಡಿಯುತ್ತದೆ.