ಅವಧಿ ಮೀರಿದ ಸಾಲ, ಅಳಿಯದ ಡಿಕ್ರಿ

ಕೈಸಾಲದ ವಸೂಲಿಗೆ ದಾವೆ ಹೂಡಲು 1963ರ ಕಾಲಮಿತಿ ಅಧಿನಿಯಮ ಕೊಡುವುದು 3 ವರ್ಷ. ಗಡುವು ಮುಗಿದ ಮಾತ್ರಕ್ಕೆ ಸಾಲ ತೀರಿತೆಂದಲ್ಲ. 1958ರಲ್ಲಿ ವರದಿಯಾದ ಬಾಂಬೆ ಡೈಯಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಹೇಳಿದಂತೆ, ಕಾಲಮಿತಿ ವಸೂಲಿಯ ದಾರಿಯನ್ನು ಮುಚ್ಚುತ್ತದೆ, ಋಣವನ್ನು ಅಳಿಸುವುದಿಲ್ಲ. ಆದ್ದರಿಂದ ಸಾಲಗಾರನಿಗೆ ಇದರ ಆಸರೆ ಮುಖ್ಯವಾಗಿ ನ್ಯಾಯಾಲಯದಲ್ಲೇ ಸಿಗಬೇಕು. ಅಲ್ಲಿಯೂ ಅದು ಎಷ್ಟು ಗಟ್ಟಿ?

ಪ್ರತಿವಾದಿ ಆಕ್ಷೇಪಿಸದಿದ್ದರೂ ಅವಧಿ ಮೀರಿದ ದಾವೆಯನ್ನು ವಜಾಗೊಳಿಸಬೇಕೆಂದು 3ನೇ ಕಲಮು ನ್ಯಾಯಾಲಯಕ್ಕೇ ವಿಧಿಸಿದೆ. ಓದಲು ಭದ್ರವಾದ ಕಲಮು. ಆದರೆ ನ್ಯಾಯಾಧೀಶರು ಅದನ್ನು ಗಮನಿಸದೆ ಡಿಕ್ರಿ ಕೊಟ್ಟುಬಿಟ್ಟರೆ? ಇಟ್ಟಿಯವಿರ ಮಥಾಯಿ ಪ್ರಕರಣದ (1964ರ ವರದಿ) ಪ್ರಕಾರ ಅದು ತಪ್ಪು ತೀರ್ಪು, ಶೂನ್ಯ ತೀರ್ಪಲ್ಲ. ಮೇಲ್ಮನವಿಯಲ್ಲಿ ತಿದ್ದಿಸಿಕೊಳ್ಳದಿದ್ದರೆ ಹಾಗೆಯೇ ಉಳಿಯುತ್ತದೆ. ಅಮಲ್ಜಾರಿ ನ್ಯಾಯಾಲಯ ಡಿಕ್ರಿಯ ಹಿಂದೆ ಹೋಗಿ ಕೆದಕುವಂತಿಲ್ಲ. ಕಾಲಮಿತಿ ಅಧಿನಿಯಮದ 136ನೇ ಅನುಚ್ಛೇದದಡಿ ಅಮಲ್ಜಾರಿಗೆ 12 ವರ್ಷ ಅವಕಾಶವಿದೆ. ಅಂದರೆ 3 ವರ್ಷಕ್ಕೆ ಬಲ ಕಳೆದುಕೊಳ್ಳಬೇಕಿದ್ದ ಸಾಲ, ಸಮನ್ಸಿಗೆ ಓಗೊಡದ ಪ್ರತಿವಾದಿಯ ಪಾಲಿಗೆ ಮತ್ತೊಂದು ಆಯುಷ್ಯ ಪಡೆಯುತ್ತದೆ. ಏಕಪಕ್ಷೀಯ ಡಿಕ್ರಿಯನ್ನು ರದ್ದುಪಡಿಸುವಂತೆ ಕೋರಲು ಇರುವುದು 30 ದಿನ. ಸಮನ್ಸು ಸರಿಯಾಗಿ ಜಾರಿಯಾಗದಿದ್ದರೆ ಆ ಎಣಿಕೆ ಡಿಕ್ರಿಯ ವಿಷಯ ತಿಳಿದ ದಿನದಿಂದ.

ಸಹಿಯ ವಿಚಾರ ಇನ್ನೂ ಸೂಕ್ಷ್ಮ. ಗಡುವಿನೊಳಗೆ ಬಾಕಿಯನ್ನು ಒಪ್ಪಿ ಬರೆದುಕೊಟ್ಟರೆ 18ನೇ ಕಲಮಿನಡಿ ಹೊಸ ಅವಧಿ ಶುರು. 'ಬಾಕಿಯಿದೆ, ಕೊಡಲಾರೆ' ಎಂದು ಬರೆದರೂ ಸಾಕು! ಗಡುವು ದಾಟಿದ ಮೇಲೆ ಬರಿಯ ಒಪ್ಪಿಗೆ ಸಾಲದು. 1872ರ ಕರಾರು ಅಧಿನಿಯಮದ 25(3)ನೇ ಕಲಮಿನಂತೆ ಕೊಡುವೆನೆಂಬ ಲಿಖಿತ, ಸಹಿಯುಳ್ಳ ವಾಗ್ದಾನವೇ ಬೇಕು. ವಸೂಲಿಗೆ ಬಂದವರು ಮುಂದಿಡುವ ಕಾಗದದಲ್ಲಿ ಇವೆರಡರಲ್ಲಿ ಯಾವುದಿದೆ ಎಂಬುದು ಸಾಮಾನ್ಯ ಸಾಲಗಾರನಿಗೆ ತಿಳಿಯುವುದು ಕಷ್ಟ.

ಕಲ್ಯಾಣಿಕುಟ್ಟಿ ಪ್ರಕರಣದಲ್ಲಿ (1999) ಸುಪ್ರೀಂ ಕೋರ್ಟು ಈ ಆಸರೆಯನ್ನು ನ್ಯಾಯಾಲಯದ ಹೊರಗೂ ಚಾಚಿತು: ಕಾಲಬಾಧಿತ ಸಾಲವನ್ನು ಕೇರಳದ ಕಂದಾಯ ವಸೂಲಿ ಕಾಯಿದೆಯಡಿ ವಸೂಲು ಮಾಡುವಂತಿಲ್ಲ ಎಂದಿತು. ಅದೇ ವರ್ಷದ ಬಲರಾಜ್ ತನೇಜಾ ತೀರ್ಪು, ಪ್ರತಿವಾದಿ ಲಿಖಿತ ಹೇಳಿಕೆ ಸಲ್ಲಿಸದಿದ್ದರೂ ಕಾರಣಸಹಿತ ತೀರ್ಪು ಬರೆಯಬೇಕೆಂದಿತು. ಆ ಕಾರಣಗಳಲ್ಲಿ ಸಾಲ ಕೊಟ್ಟ ದಿನಾಂಕ, ಕೊನೆಯ ಪಾವತಿ, ದಾವೆ ಹೂಡಿದ ದಿನಾಂಕ ಇವಿಷ್ಟೂ ಇನ್ನು ಕಡ್ಡಾಯವಾಗಬೇಕು. ಉಚ್ಚ ನ್ಯಾಯಾಲಯಗಳು ಏಕಪಕ್ಷೀಯ ಹಣದ ದಾವೆಗಳಿಗಾಗಿ ಇಂಥ ನಿಯಮವೊಂದನ್ನು ರೂಪಿಸಲಿ.