ಕ್ರಾಸಿನ ಕೆಂಪು ದೀಪಕ್ಕೆ ಕಣ್ಣು ಬಂದ ಕಥೆ

ಬೆಂಗಳೂರಿನ ಮಲ್ಲೇಶ್ವರದಲ್ಲಿ ದಾರಿ ಕೇಳಿದರೆ ಇವತ್ತಿಗೂ ಉತ್ತರ ಬರುವುದು ಕ್ರಾಸಿನ ಲೆಕ್ಕದಲ್ಲೇ: 8ನೇ ಕ್ರಾಸು, 15ನೇ ಕ್ರಾಸು, 18ನೇ ಕ್ರಾಸು. ಈ ಲೆಕ್ಕ ಹುಟ್ಟಿದ್ದು ಸಾವಿನ ಭಯದಲ್ಲಿ. 1898ರಲ್ಲಿ ಪ್ಲೇಗು ಬಂದು ಪೇಟೆಯ ಇಕ್ಕಟ್ಟಾದ ಗಲ್ಲಿಗಳಲ್ಲಿ ಜನ ಸಾಯತೊಡಗಿದಾಗ, ಗಾಳಿ ಬೆಳಕು ಆಡುವ ಬಡಾವಣೆಗಳು ಬೇಕೇಬೇಕು ಎನ್ನಿಸಿತು. ಬಸವನಗುಡಿಗೂ ಮಲ್ಲೇಶ್ವರಕ್ಕೂ ಗೆರೆ ಎಳೆದದ್ದು ಆಗ. ಚಾಮರಾಜಪೇಟೆ 1892ರಲ್ಲೇ ಎದ್ದಿತ್ತು. ನೇರವಾದ ಮೇನ್ ರಸ್ತೆಗಳು, ಅವನ್ನು ಕತ್ತರಿಸಿ ಹಾಯುವ ಕ್ರಾಸುಗಳು. ರೋಗಕ್ಕೆ ಹೆದರಿ ಹಾಕಿದ ಈ ಚೌಕುಳಿ ಹೆಜ್ಜೆಹೆಜ್ಜೆಗೂ ನಾಲ್ಕು ದಾರಿ ಕೂಡುವ ಜಾಗಗಳನ್ನು ಬಿಟ್ಟುಹೋಯಿತು.

ಜಟಕಾ, ಎತ್ತಿನ ಗಾಡಿ, ಸೈಕಲ್ಲುಗಳ ಕಾಲದಲ್ಲಿ ಅದೇನೂ ತೊಡಕಾಗಲಿಲ್ಲ.

ಬಸ್ಸು ಸ್ಕೂಟರುಗಳು ಹೆಚ್ಚಿದಂತೆ ಆ ಜಾಗಗಳಲ್ಲಿ ಬಂದು ನಿಂತವರು ಟ್ರಾಫಿಕ್ ಪೊಲೀಸರು. ಬಿಳಿ ಅಂಗಿ, ಖಾಕಿ ಪ್ಯಾಂಟು, ಒಂದು ಬದಿ ಮೇಲಕ್ಕೆ ಮಡಿಚಿದ ಟೋಪಿ. ದೀಪಗಳು ಬಂದ ಮೇಲೂ ಕೆಂಪು ದಾಟಿದವರನ್ನು ಹಿಡಿಯುವ ಕೆಲಸ ಅವರದೇ. ಹಿಡಿಯಬೇಕಾದರೆ ಓಡುವ ಗಾಡಿಗೆ ಮೈಯೊಡ್ಡಬೇಕು. ಹಿಡಿದ ಮೇಲೆ ಶುರುವಾಗುವುದು ಗೋಗರೆತ: ‘ಬಿಟ್ಬಿಡಿ ಸಾರ್, ಆಫೀಸಿಗೆ ಲೇಟಾಯ್ತು.’ ಒಬ್ಬರಿಗೆ ಬುದ್ಧಿಮಾತು, ಇನ್ನೊಬ್ಬರಿಗೆ ರಸೀದಿ. ಹತ್ತು ಜನ ಒಟ್ಟಿಗೆ ನುಗ್ಗಿದರೆ ಸಿಕ್ಕಿಬೀಳುವವರು ಒಬ್ಬರೋ ಇಬ್ಬರೋ.

ಇದಕ್ಕೆ ಯಂತ್ರದ ಉತ್ತರ ಹುಟ್ಟಿದ್ದು ನೆದರ್ಲೆಂಡ್ಸಿನಲ್ಲಿ, ಅದೂ ವೇಗದ ಹುಚ್ಚಿನಿಂದ. 1953ರ ಮಾಂಟೆ ಕಾರ್ಲೊ ರ‍್ಯಾಲಿ ಗೆದ್ದ ಮೌರಿಸ್ ಗ್ಯಾಟ್ಸೊನಿಡೆಸ್, ತಿರುವುಗಳಲ್ಲಿ ಇನ್ನೂ ಜೋರಾಗಿ ಹೋಗುವುದು ಹೇಗೆಂದು ತಿಳಿಯಲು ತಮ್ಮ ಕಾರಿನ ವೇಗ ಅಳೆಯುವ ಸಾಧನ ಮಾಡಿಕೊಂಡಿದ್ದರು. 1960ರ ದಶಕದಲ್ಲಿ ಅವರ ಕಂಪನಿಯೇ ಕೆಂಪು ದೀಪದ ಕ್ಯಾಮೆರಾ ತಂದಿತು. ರಸ್ತೆಗೆ ಅಡ್ಡಲಾಗಿ ಕೊಳವೆ ಹಾಸಿರುತ್ತಿದ್ದರು. ಕೆಂಪು ಹತ್ತಿದ ಮೇಲೆ ಅದರ ಮೇಲೆ ಚಕ್ರ ಹಾಯ್ದರೆ ಫೋಟೊ.

ಬೆಂಗಳೂರಿನಲ್ಲಿ ಕೊಳವೆ ಬೇಕಾಗಲಿಲ್ಲ. 2022ರ ಡಿಸೆಂಬರಿನಲ್ಲಿ ನಗರದ 50 ಜಂಕ್ಷನ್‌ಗಳಲ್ಲಿ ಹೊಸ ವ್ಯವಸ್ಥೆ ಚಾಲನೆಗೊಂಡಾಗ, ನಂಬರ್ ಪ್ಲೇಟ್ ಓದುವ 250 ಕ್ಯಾಮೆರಾಗಳ ಜೊತೆಗೆ ಕೆಂಪು ದಾಟುವವರಿಗೆಂದೇ 80 ಕ್ಯಾಮೆರಾಗಳು ಬಂದವು. ದೀಪ ಕೆಂಪಿರುವುದು, ಗಾಡಿ ಸ್ಟಾಪ್ ಲೈನ್ ದಾಟಿರುವುದು, ನಂಬರು, ಮೂರೂ ಚಿತ್ರದಲ್ಲಿ ಸೇರುತ್ತವೆ. ಮಾಲೀಕರ ಮೊಬೈಲಿಗೆ ಸಂದೇಶ ಹೋಗುತ್ತದೆ, 500 ರೂಪಾಯಿ ದಂಡ. ಇದಕ್ಕೆ ಬೇಕಾದ ಕಾನೂನು ಮೊದಲೇ ಸಿದ್ಧವಾಗಿತ್ತು: 2019ರ ತಿದ್ದುಪಡಿ ಮೋಟಾರು ವಾಹನ ಕಾಯ್ದೆಗೆ 136ಎ ಕಲಮನ್ನು ಸೇರಿಸಿತು, 2021ರ ನಿಯಮಗಳು ಕ್ಯಾಮೆರಾ ಇರುವೆಡೆ ಎಚ್ಚರಿಕೆಯ ಫಲಕ ಹಾಕಬೇಕು, 15 ದಿನದೊಳಗೆ ನೋಟಿಸು ಕೊಡಬೇಕು ಎಂದವು.

ನೋಟಿಸು ಬಂದಷ್ಟು ಸುಲಭವಾಗಿ ಹಣ ಬರಲಿಲ್ಲ. 2023ರ ಫೆಬ್ರವರಿಯಲ್ಲಿ ಬಾಕಿ ದಂಡಗಳಿಗೆ ಅರ್ಧ ರಿಯಾಯಿತಿ ಕೊಟ್ಟಾಗ ಸ್ಟೇಷನ್ನುಗಳ ಮುಂದೆ ಸಾಲು ಬೆಳೆಯಿತು. ಫೆಬ್ರವರಿ 11ಕ್ಕೆ ಗಡುವು ಮುಗಿಯುವಷ್ಟರಲ್ಲಿ ವಸೂಲಾದದ್ದು 120 ಕೋಟಿ ರೂಪಾಯಿಗೂ ಹೆಚ್ಚು. ಆ ಮೊತ್ತ ಕಂಡು ಹಿಗ್ಗುವಂತಿಲ್ಲ. ದಂಡ ಎಂದರೆ ಮುಂದೆಂದೋ ಅರ್ಧಕ್ಕೆ ಇಳಿಯುವ ಬಾಕಿ ಎಂದು ಜನ ಎಣಿಸತೊಡಗಿದರೆ ಕ್ಯಾಮೆರಾದ ಉದ್ದೇಶವೇ ಕೆಡುತ್ತದೆ.

ಕ್ಯಾಮೆರಾ ಯಾರ ಮಗ, ಯಾರ ಕಾರು ಎಂದು ನೋಡುವುದಿಲ್ಲ. ಗಾಂಧಿ ಬಜಾರಿನಲ್ಲಿ ಹೂವು, ತರಕಾರಿ ಚೀಲ ಹಿಡಿದು ರಸ್ತೆ ದಾಟುವ ಹಿರಿಯರಿಗೆ ಇದು ದೊಡ್ಡ ಆಸರೆ, ಗಾಡಿಗಳು ಸ್ಟಾಪ್ ಲೈನಿನ ಹಿಂದೆ ನಿಂತರೆ ತಾನೇ ಅವರು ಎದೆಗುಂದದೆ ದಾಟುವುದು. ಆದರೆ ಆ ಗೆರೆಯ ಬಣ್ಣ ಮಾಸಿದ್ದರೆ ಸವಾರರನ್ನು ದೂರುವುದು ನ್ಯಾಯವಲ್ಲ. ಗೆರೆ ಬಳಿಯುವ ಇಲಾಖೆಗೂ ಗಡುವು ಬೇಕು. ಹಿಂದೆ ಆಂಬುಲೆನ್ಸ್ ಕೂಗುತ್ತಿದ್ದುದಕ್ಕೆ ನಾಲ್ಕಡಿ ಮುಂದೆ ಸರಿದವರ ಚಿತ್ರವೂ ದಾಖಲಾಗಬಹುದು. ಅದನ್ನು ಮನುಷ್ಯರೊಬ್ಬರು ಕೂತು ನೋಡಿಯೇ ನೋಟಿಸು ಕಳಿಸಬೇಕು.

ಮಳೆ ಸುರಿದು ಸಿಗ್ನಲ್ ಕೆಟ್ಟ ಸಂಜೆ, ರೇನ್‌ಕೋಟು ತೊಟ್ಟು ಕ್ರಾಸಿನ ನಡುವೆ ಕೈಯೆತ್ತಿ ನಿಲ್ಲುವವರು ಈಗಲೂ ಕಾನ್‌ಸ್ಟೆಬಲ್ಲೇ.